ಹಾಳೆ ತಿರುಗಿಸುವವರು

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರಡು ಬಾಗಿಲು. ದೊಡ್ಡದು ಕ್ಯಾಂಪಸ್ಸಿನ ಕಡೆಗೆ. ಮೆಟ್ಟಿಲು, ಕಂಬ, ಗಾಜು, ಗುರುತಿನ ಕಾರ್ಡು ಕೇಳುವ ಯಂತ್ರ ಎಲ್ಲ ಅಲ್ಲಿ. ಚಿಕ್ಕದು ಹಿಂದಿನ ಬೀದಿಗೆ. ಅದಕ್ಕೆ ಮೆಟ್ಟಿಲಿಲ್ಲ, ಯಂತ್ರವೂ ಇಲ್ಲ. ಬಾಗಿಲ ನೆತ್ತಿಯಲ್ಲಿ ಒಂದು ಕಲ್ಲು, ಕಲ್ಲಿನಲ್ಲಿ ಎರಡು ಪದ: ‘ಓದಲಾಗದವರ ಬಾಗಿಲು’.

ಓದಲಾಗದವರು ಅದನ್ನು ಓದುವುದು ಹೇಗೆ ಎಂದು ಹೊಸದಾಗಿ ಸೇರಿದ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಆ ಕಲ್ಲು ಓದಲಾಗದವರಿಗಾಗಿ ಕೆತ್ತಿದ್ದಲ್ಲ. ಓದು ಬಲ್ಲವರು ಎಂದಾದರೊಂದು ದಿನ ಬೀಗ ಹಿಡಿದುಕೊಂಡು ಬಂದೇ ಬರುತ್ತಾರೆ, ಆಗ ಕಣ್ಣಿಗೆ ಹೊಡೆಯಲಿ ಎಂದು ಕೆತ್ತಿದ್ದು.

ಈ ಕಟ್ಟಡ ಕಟ್ಟಿದ ಗಾರೆಯವರಲ್ಲಿ ನಮ್ಮಪ್ಪನೂ ಒಬ್ಬ. ಆಗಿನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಚಾವಣಿ ಮುಗಿದು, ನೆಲ ಮುಗಿದು, ಒಳಗೆ ಪುಸ್ತಕಗಳೂ ಬಂದು ಕೂತ ಮೇಲೆ, ಕಟ್ಟಿದವರಿಗೆ ಒಮ್ಮೆ ಒಳಗೆ ಹೋಗಿ ನೋಡುವ ಆಸೆಯಾಯಿತು. ಬಾಗಿಲಲ್ಲೇ ತಡೆದರು. ‘ಧೂಳಿನ ಕಾಲು, ನೆಲ ಹಾಳಾಗುತ್ತೆ’ ಎಂದರು. ಯಾವ ನೆಲ? ಇವರೇ ಮಂಡಿಯೂರಿ ಹಾಸಿದ ನೆಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಕೆಸರಾದ ಕೈ ಯಾವಾಗಲೂ ನಮ್ಮದು, ಮೊಸರು ಮಾತ್ರ ಇನ್ಯಾರದೋ ಬಾಯಿಗೆ.

ಅವರು ಜಗಳ ಆಡಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಡಗಿಗಳು ದೊಡ್ಡ ಬಾಗಿಲನ್ನು ಚೌಕಟ್ಟಿಗೆ ಕೂರಿಸದೆ ಗೋಡೆಗೆ ಒರಗಿಸಿಟ್ಟು, ಅವರೂ ಬಂದು ಕೂತರು. ವಿದ್ಯಾರ್ಥಿಗಳ ಓದುವ ಕೂಟವೊಂದರ ಹುಡುಗ ಹುಡುಗಿಯರು ಪುಸ್ತಕ ಸಮೇತ ಬಂದು ಪಕ್ಕದಲ್ಲಿ ಜಾಗ ಹಿಡಿದರು. ಉದ್ಘಾಟನೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ ಆಡಳಿತದವರು ಬಗ್ಗಿದರು: ಬೀದಿಗೆ ತೆರೆದ ಒಂದು ಕೋಣೆ, ಸಂಜೆ ಹೊತ್ತು ಅಲ್ಲಿ ಓದು ಬಲ್ಲವರು ಗಟ್ಟಿಯಾಗಿ ಓದಬೇಕು, ಓದಲಾಗದವರು ಕೇಳಬೇಕು, ಓದಲಾಗದವರು ಒಬ್ಬರಾದರೂ ಬರುತ್ತಿರುವ ತನಕ ಕೋಣೆ ಮುಚ್ಚುವಂತಿಲ್ಲ.

‘ಸುಮ್ಮನೆ ಕೂತು ಕೇಳೋಕೆ ನಾವೇನು ಭಿಕ್ಷೆಗೆ ಬಂದಿದ್ದೀವಾ? ನಮ್ಮ ಕೈಗೂ ಒಂದು ಕೆಲಸ ಕೊಡಿ’ ಎಂದನಂತೆ ಮುದಿ ಮೇಸ್ತ್ರಿಯೊಬ್ಬ. ಹಾಗೆ ಹುಟ್ಟಿದ್ದು ಈ ಕೋಣೆಯ ಪದ್ಧತಿ. ಓದುವವರು ಹಾಳೆ ಮುಟ್ಟಬಾರದು. ಪುಟ ಮುಗಿದಾಗ ಗೆಣ್ಣಿನಿಂದ ಮೇಜು ತಟ್ಟಬೇಕು. ಹಾಳೆ ತಿರುಗಿಸುವುದು ಕೇಳುವವರ ಹಕ್ಕು.

ಅಲ್ಲಿ ಏನೇನು ಓದಲಿಲ್ಲ! ಔಷಧಿ ಬಾಟಲಿಯ ಮೇಲಿನ ಬರಹ, ಮನೆ ಬಿಡಿ ಎಂದು ಬಂದ ನೋಟೀಸು, ದೂರದ ಮಗನ ಕಾಗದ, ಕರಪತ್ರ, ಕಾನೂನು, ಆಮೇಲೆ ಕತೆ ಕಾದಂಬರಿ. ಒಳಗಿನ ದೊಡ್ಡ ಹಾಲಿನಲ್ಲಿ ಪಿಸುಮಾತಿಗೂ ದಂಡ. ಗೋಡೆಯ ಈಚೆ ಮಾತ್ರ ಪುಸ್ತಕಗಳಿಗೆ ಗಂಟಲಿತ್ತು.

ಆ ಗಂಟಲುಗಳಲ್ಲಿ ಒಂದು ನಮ್ಮತ್ತೆಯದು, ಅಪ್ಪನ ತಂಗಿ. ಮನೆಯಲ್ಲಿ ಒಬ್ಬರನ್ನು ಮಾತ್ರ ಓದಿಸಬಹುದು ಎಂದಾದಾಗ ಅಪ್ಪ ಶಾಲೆಯ ಮುಖ ನೋಡುವ ಮೊದಲೇ ಗಾರೆ ಬಾಣಲಿ ತಲೆಗೇರಿಸಿಕೊಂಡಿದ್ದ. ಅವನು ಗಾರೆ ಹೊತ್ತ, ಅವಳು ಓದಿದಳು. ಓದಿ ಇದೇ ಗ್ರಂಥಾಲಯದ ಕೌಂಟರಿನಲ್ಲಿ ಕೂತಳು. ಕೂತ ದಿನದಿಂದ ಸಂಜೆಯಾದರೆ ಅಣ್ಣನಿಗೆ ಓದಿದಳು. ನಿವೃತ್ತಿಯಾಗಿ, ಆ ಕೌಂಟರಿಗೆ ನಾನು ಬಂದ ಮೇಲೂ ಅವಳ ಓದು ನಿಲ್ಲಲಿಲ್ಲ. ಮದುವೆ ಗಿದುವೆ ಅಂತ ತಲೆಕೆಡಿಸಿಕೊಳ್ಳದ ಹೆಂಗಸು. ಸಂಜೆಯ ಆ ಒಂದು ಹೊತ್ತಿಗಾಗಿಯೇ ತಲೆ ಬಾಚಿಕೊಳ್ಳುತ್ತಿದ್ದಳು.

ಈಚೆಗೆ ಆ ಕೋಣೆಗೆ ಬರುತ್ತಿದ್ದವರು ಅವರಿಬ್ಬರೇ.

ಕುಲಸಚಿವರು ಕೌಂಟರಿಗೇ ಬಂದು ವಿಷಯ ತೆಗೆದರು. ಒಳ್ಳೆಯ ಮನುಷ್ಯ, ಯಾರನ್ನೂ ಗದರಿದವರಲ್ಲ. ಬಾಗಿಲುಗಳು ಮುಚ್ಚಿಕೊಳ್ಳುವುದು ಹೆಚ್ಚಾಗಿ ಇಂಥ ಒಳ್ಳೆಯವರ ಕೈಯಿಂದಲೇ. ಕೆಟ್ಟವರು ಮುಚ್ಚಿದರೆ ಸದ್ದಾಗುತ್ತದೆ.

“ಹಿಂದಿನ ಕೋಣೇನ ಸಂಶೋಧನಾ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಕೋಣೆ ಮಾಡೋಣ ಅಂತಿದೀವಮ್ಮ. ಈ ಕಾಲದಲ್ಲಿ ಓದು ಬಾರದವರು ಎಲ್ಲಿದ್ದಾರೆ?”

“ಇದ್ದಾರೆ ಸಾರ್. ಅವರ ಪಾಳಿ ಮುಗಿಯೋ ಹೊತ್ತಿಗೆ ನಾವು ಬಾಗಿಲು ಹಾಕಿರ್ತೀವಿ.”

“ಅದಿರಲಿ. ಈಗ ಬರ್ತಿರೋರು ಯಾರು?”

“ಒಬ್ಬರು ಬರ್ತಾರೆ. ಗಾರೆಯವರು.” ನಾಲಿಗೆ ತಡೆಯಿತು. “ನಮ್ಮಪ್ಪ.”

“ಒಳ್ಳೇದಾಯ್ತು. ಗುರುವಾರ ನಾನೇ ಬಂದು ನೋಡ್ತೀನಿ. ಓದಲಾಗದವರು ಒಬ್ಬರು ನಿಜವಾಗಿ ಇದ್ದರೆ ಹಳೇ ಮಾತು ಮುರಿಯಲ್ಲ. ಇಲ್ಲದಿದ್ರೆ ಬೀಗದಕೈ ನನಗೆ ಕೊಡಿ.”

ಅವರು ಹೋದ ಮೇಲೆ ನಾನು ಬೀಗದಕೈಯನ್ನು ಡ್ರಾಯರಿನ ಮೂಲೆಗೆ ತಳ್ಳಿದೆ. ಯಾಕೆಂದರೆ ನಮ್ಮಪ್ಪನಿಗೆ ಓದಲು ಬರುತ್ತದೆ.

ಕಲಿಸಿದವಳು ನಾನೇ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ನನ್ನ ಸ್ಲೇಟಿನ ಪಕ್ಕ ಕೂತು ಅಕ್ಷರ ಕಲಿತ. ಹಗಲು ಕೆಲಸದ ಜಾಗದಲ್ಲಿ ಹಸಿ ಗಾರೆಯ ಮೇಲೆ ಮೊಳೆಯಿಂದ ಬರೆದು ಬರೆದು ರೂಢಿ ಮಾಡಿಕೊಂಡು, ಯಾರಾದರೂ ನೋಡುವ ಮೊದಲು ಕರಣೆಯಿಂದ ಸವರಿಬಿಡುತ್ತಿದ್ದ. ಈ ಊರಿನ ಎಷ್ಟೋ ಗೋಡೆಗಳ ಹೊಟ್ಟೆಯಲ್ಲಿ ನಮ್ಮಪ್ಪನ ಕಾಪಿ ಬರಹ ಇದೆ.

“ಅತ್ತೆಗೆ ಹೇಳ್ತೀನಿ!” ಎಂದು ಕುಣಿದಿದ್ದೆ ಆಗ.

“ಹೇಳಿದ್ರೆ ನಾಲಿಗೆ ಕತ್ತರಿಸ್ತೀನಿ ನೋಡು. ನನಗೆ ಓದೋಕೆ ಬರುತ್ತೆ ಅಂತಾದ್ರೆ ಅವಳು ಯಾರಿಗೆ ಓದ್ತಾಳೆ?”

ಹೀಗೆ ಆ ಗುಟ್ಟು ನನ್ನ ಜೊತೆ ಬೆಳೆದು ದೊಡ್ಡದಾಯಿತು.

ಅವತ್ತು ಮನೆಗೆ ಹೋಗಿ ಕುಲಸಚಿವರ ಮಾತು ಹೇಳಿದೆ. ಅಪ್ಪ ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುತ್ತಿದ್ದ. ಗೋಡೆ ಸವರುವ ಹಾಗೆಯೇ ತಟ್ಟೆಯನ್ನೂ ತೊಳೆಯುತ್ತಾನೆ, ಅಂಚಿನಿಂದ ಒಳಕ್ಕೆ.

“ಅದಕ್ಕೇನು, ಓದೋಕೆ ಬರಲ್ಲ ಅಂದರಾಯ್ತು,” ಎಂದ. “ಇಷ್ಟು ವರ್ಷ ತಂಗಿ ಮುಂದೆ ನಟನೆ ಮಾಡಿದ್ದೀನಿ. ಅವರ್‍ಯಾವ ಲೆಕ್ಕ?”

“ಮತ್ತೆ ಮುಖ ಯಾಕೆ ಹಾಗಿದೆ?”

ತಟ್ಟೆ ಇಟ್ಟ. ಕೈ ಒರೆಸಿಕೊಂಡ. ಮತ್ತೆ ಅದೇ ತಟ್ಟೆ ಎತ್ತಿಕೊಂಡ. “ನಿಮ್ಮತ್ತೆ ಓದ್ತಾ ಇಲ್ಲ ಕಣಮ್ಮ.”

“ಅಂದ್ರೆ?”

“ಮೊನ್ನೆ ತಪ್ಪಿ ಎರಡು ಹಾಳೆ ಒಟ್ಟಿಗೆ ತಿರುಗಿಸಿಬಿಟ್ಟೆ. ನೋಡ್ತೀನಿ, ಪುಟದಲ್ಲಿ ಮದುವೆ ಆಗಿಹೋಗಿದೆ, ಇವಳ ಬಾಯಲ್ಲಿ ಇನ್ನೂ ಹುಡುಗಿ ನೋಡೋಕೆ ಹೋಗ್ತಿದ್ದಾರೆ! ಒಂದು ಚೂರೂ ತಡವರಿಸಲಿಲ್ಲ. ಮಾರನೇ ದಿನ ಬೇಕೂಂತಲೇ ತಿರುಗಿಸಿದೆ. ಅದೇ ಕತೆ. ಅವಳಿಗೆ ಅಕ್ಷರ ಕಾಣ್ತಿಲ್ಲ. ಬಾಯಿಪಾಠ ಒಪ್ಪಿಸ್ತಿದ್ದಾಳೆ.”

ಆಗ ನನಗೆ ಒಂದೊಂದೇ ಹೊಳೆಯಿತು. ಹೊಸ ಪುಸ್ತಕ ಬಂದರೆ ಮೊದಲು ಕೈಚಾಚುತ್ತಿದ್ದ ಅತ್ತೆ, ಈಚೆಗೆ ‘ಹೊಸಬರದೆಲ್ಲ ಸಪ್ಪೆ’ ಎನ್ನುತ್ತ ದೋಣಿಯವನೊಬ್ಬನ ಹಳೇ ಕಾದಂಬರಿಯನ್ನೇ ಮತ್ತೆ ಮತ್ತೆ ಕೇಳಿ ಪಡೆಯುತ್ತಿದ್ದಳು. ನಾನು ಕೌಂಟರಿನಿಂದ ಕೈ ಬೀಸಿದರೆ ಸ್ವಲ್ಪ ಪಕ್ಕಕ್ಕೆ ನೋಡಿ ನಗುತ್ತಿದ್ದಳು.

“ಹೇಳಬೇಕಿತ್ತಲ್ಲಪ್ಪ! ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತಿದ್ವಿ.”

“ಹೇಗೆ ಹೇಳ್ಲಿ? ನಿನಗೆ ಹೇಗೆ ಗೊತ್ತಾಯ್ತು ಅಣ್ಣ ಅಂತ ಕೇಳಲ್ವಾ?”

ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡೆ. ಅವಳು ಕಾಣದೆ ಓದುತ್ತಾಳೆ, ಇವನು ಓದು ಬಂದರೂ ಬಾರದವನಾಗಿದ್ದಾನೆ, ನಡುವೆ ನಾನು ಅಡಕತ್ತರಿಯಲ್ಲಿ. ಒಬ್ಬರ ಗುಟ್ಟು ಒಡೆದರೆ ಇನ್ನೊಬ್ಬರದೂ ಹೋಗುತ್ತದೆ, ಎರಡರ ಜೊತೆ ಕೋಣೆಯೂ ಹೋಗುತ್ತದೆ. ಕೋಣೆ ಹೋದರೆ ಅತ್ತೆಗೆ ಸಂಜೆ ಅನ್ನುವುದೇ ಇರುವುದಿಲ್ಲ.

“ಗುರುವಾರ ಒಂದು ದಾಟಲಿ,” ಎಂದ ಅಪ್ಪ. “ಆ ದೋಣಿ ಕತೆ ಅವಳಿಗೆ ನೀರು ಕುಡಿದ ಹಾಗೆ.”

ಗುರುವಾರ ಕುಲಸಚಿವರು ಬೀದಿ ಕಡೆಯಿಂದಲೇ ಬಂದರು. ಬಾಗಿಲು ಗಿಡ್ಡ, ತಲೆ ತಗ್ಗಿಸಬೇಕಾಯಿತು. ಉದ್ದನೆಯ ಮೇಜು, ಅದರ ಅಂಚು ಮೊಣಕೈಗಳಿಂದ ಸವೆದಿದೆ. ಬೆನ್ನಿರುವ ಕುರ್ಚಿ ಓದುವವರಿಗೆ, ಪಕ್ಕದ ಸ್ಟೂಲು ಕೇಳುವವರಿಗೆ. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ತಲೆ ಬಾಚಿ, ಕನ್ನಡಕ ಹಾಕಿಕೊಂಡು. ಅಪ್ಪ ಸ್ಟೂಲಿನ ಮೇಲೆ, ಒಗೆದ ಅಂಗಿಯಲ್ಲಿ, ಶಾಲೆಗೆ ಸೇರಲು ಬಂದ ಮಗುವಿನ ಹಾಗೆ.

“ನೀವೇನಾ ಈ ಗೋಡೆ ಕಟ್ಟಿದವರು?”

“ನಾನೊಬ್ಬನೇ ಅಲ್ಲ ಸಾರ್. ಆ ಮೂಲೆ ಮಾತ್ರ ನಂದು. ಸೊಟ್ಟಗಿರೋದು ಬೇರೆಯವರದು.”

ಕುಲಸಚಿವರು ನಕ್ಕರು. “ಓದೋಕೆ ಬರಲ್ವಾ?”

“ನಮ್ಮ ಮನೇಲಿ ಓದು ಅಂದ್ರೆ ಇವಳೇ,” ಎಂದ ಅಪ್ಪ. ಸುಳ್ಳೂ ಹೇಳಲಿಲ್ಲ, ನಿಜವೂ ಹೇಳಲಿಲ್ಲ.

“ಶುರು ಮಾಡಿ ಮೇಡಂ.”

ಅತ್ತೆ ಮೊದಲ ಸಾಲಿನಿಂದ ಹಿಡಿದಳು. ಅದೆಂಥ ಧ್ವನಿ! ಬತ್ತಿದ ಹೊಳೆ, ದೋಣಿ, ದೋಣಿಯವನ ಗೊಣಗುವ ತಾಯಿ ಎಲ್ಲ ಕೋಣೆಯೊಳಗೆ ಬಂದರು. ಮೇಜು ತಟ್ಟಿದಳು, ಅಪ್ಪ ಹಾಳೆ ತಿರುಗಿಸಿದ. ಮತ್ತೆ ತಟ್ಟಿದಳು, ಮತ್ತೆ ತಿರುಗಿಸಿದ. ಬಾಯಿಗೂ ಪುಟಕ್ಕೂ ಕೂದಲೆಳೆಯಷ್ಟೂ ಅಂತರ ಬಾರದ ಹಾಗೆ ಅವನು ಕಣ್ಣಂಚಿನಿಂದ ಕಾಯುತ್ತಿದ್ದ. ಕುಲಸಚಿವರು ಗೋಡೆ ಬದಿಯ ಬೆಂಚಿನ ತುದಿಗೆ ಸರಿದು ಕೂತರು. ದಾಟಿಬಿಟ್ಟೆವು ಅಂದುಕೊಂಡೆ.

ಕತೆ ಚೆನ್ನಾಗಿದೆ ಅನ್ನಿಸಿದ್ದೇ ಮುಳುವಾಯಿತು. ಅವರು ಎದ್ದು ಬಂದು, “ಹೊಳೆಗೆ ನೀರು ಬರುತ್ತೋ ಏನೋ ಅಂತ ನನಗೆ ಕಾಯೋಕಾಗಲ್ಲಪ್ಪ, ಮುಂದೇನಾಗುತ್ತೆ ನೋಡೋಣ,” ಎನ್ನುತ್ತ ತಾವೇ ಪುಸ್ತಕವನ್ನು ನಡುವೆ ಎಲ್ಲೋ ತೆರೆದಿಟ್ಟರು. “ಇಲ್ಲಿಂದ ಓದಿ.”

ಅತ್ತೆಯ ಕೈ ಪುಟದ ಮೇಲೆ ಹೋಯಿತು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ಬೀಗದಕೈ ಕಳೆದವರು ನೆಲ ತಡವುವ ಹಾಗೆ. ಬೀದಿಯಲ್ಲಿ ಬಸ್ಸೊಂದು ನಿಂತು, ಜನ ಇಳಿದು, ಮತ್ತೆ ಹೊರಟುಹೋಯಿತು. ಆ ಪುಸ್ತಕದ ಪ್ರತಿ ಸಾಲೂ ಗೊತ್ತಿದ್ದವಳಿಗೆ ತಾನು ಯಾವ ಸಾಲಿನಲ್ಲಿದ್ದೇನೆ ಎನ್ನುವುದೊಂದು ಗೊತ್ತಿರಲಿಲ್ಲ.

ಅಪ್ಪ ನನ್ನತ್ತ ನೋಡಿದ. ಬೇಡ ಎಂದು ತಲೆಯಾಡಿಸಿದೆ. ಅವನು ತಂಗಿಯ ಬೆರಳು ನೋಡಿದ. ಅದು ಪುಟದ ತಳ ಮುಟ್ಟಿ ಮತ್ತೆ ಮೇಲಕ್ಕೆ ಹೊರಟಿತ್ತು.

“ಆಚೆ ದಡದಲ್ಲಿ ಯಾರೋ ಕೂಗಿದ ಹಾಗಾಯಿತು,” ಎಂದ ಮೆಲ್ಲಗೆ.

ಅತ್ತೆಯ ಮುಖದಲ್ಲಿ ದೀಪ ಹತ್ತಿತು. “ಆಚೆ ದಡದಲ್ಲಿ ಯಾರೋ ಕೂಗಿದ ಹಾಗಾಯಿತು. ಅವನು ಹುಟ್ಟು ಎತ್ತಿ ಹಿಡಿದು ಕಿವಿಗೊಟ್ಟ...” ಎಂದು ಹರಿದವಳು, ಅಲ್ಲಿಗೇ ನಿಂತಳು.

“ಅಣ್ಣ, ಅವರು ಯಾವ ಪುಟ ತೆಗೆದ್ರು ಅಂತ ನಿನಗೆ ಹೇಗೆ ಗೊತ್ತಾಯ್ತು?”

ಅಪ್ಪ ತಲೆ ತಗ್ಗಿಸಿದ. ಆಮೇಲೆ ಹೇಳಿದ: “ನಿನಗೆ ಹೇಗೆ ಗೊತ್ತಾಗಲಿಲ್ಲ ಪುಟ್ಟಿ?”

ಅತ್ತೆ ಕನ್ನಡಕ ತೆಗೆದು ಮಡಿಸಿದಳು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡಳು.

“ಯಾವಾಗ ಕಲಿತೆ?”

ಅಪ್ಪ ಗಲ್ಲದಿಂದ ನನ್ನ ಕಡೆ ತೋರಿಸಿದ. ಅದು ಅವಳಿಗೆ ಕಾಣಲಿಲ್ಲ ಎಂದು ಅರಿವಾಗಿ, ಬಾಯಿಬಿಟ್ಟು ಹೇಳಿದ: “ಇವಳು ಎರಡನೇ ಕ್ಲಾಸಲ್ಲಿದ್ದಾಗ.”

“ಅಯ್ಯೋ ನಿನ್ನ! ಅಷ್ಟು ವರ್ಷದಿಂದ ನನ್ನ ಗಂಟಲು ಒಣಗಿಸಿದ್ಯಲ್ಲೋ!”

“ನೀನು ಚೆನ್ನಾಗಿ ಓದ್ತಿದ್ದೆ,” ಎಂದ. ಅಷ್ಟೇ ಅವನ ಸಮಜಾಯಿಷಿ.

ಕುಲಸಚಿವರು ಗಂಟಲು ಸರಿಮಾಡಿಕೊಂಡರು. “ಅಂದ್ರೆ... ಇವರಿಗೆ ಓದೋಕೆ ಬರುತ್ತೆ.” ಅವರ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಆದರೂ ಕೈ ಮುಂದೆ ಬಂತು, ಬೀಗದಕೈಗೆ.

“ಬರುತ್ತೆ ಸಾರ್. ಈಗ ಕೇಳಿಸಿಕೊಂಡ್ರಲ್ಲ,” ಎಂದಳು ಅತ್ತೆ. “ನನಗೆ ಆಗಲ್ಲ. ಕಣ್ಣಿನ ನಡುವೆಲ್ಲ ಮಸಿ, ಅಂಚು ಮಾತ್ರ ಕಾಣುತ್ತೆ. ಒಬ್ಬಳೇ ಹೋಗಿ ತೋರಿಸಿಕೊಂಡು ಬಂದೆ, ಹೋದ ದೃಷ್ಟಿ ಬರಲ್ಲ ಅಂದ್ರು. ಇವನಿಗೆ ಹೇಳಿದ್ರೆ ಇವನಿಗೆ ಯಾರು ಓದ್ತಾರೆ ಅಂತ ಸುಮ್ಮನಿದ್ದೆ. ನೀವು ಓದಲಾಗದವರು ಒಬ್ಬರು ಬೇಕು ಅಂದ್ರಿ. ನೋಡಿ, ನಿಮ್ಮ ಮುಂದೇ ಕೂತಿದ್ದೀನಿ.”

ಕುಲಸಚಿವರು ಚಾಚಿದ ಕೈಯನ್ನು ಏನು ಮಾಡುವುದೆಂದು ತೋಚದೆ, ಮೇಜಿನ ಸವೆದ ಅಂಚನ್ನು ಸವರಿದರು. ಅಷ್ಟು ದೊಡ್ಡ ಆಡಳಿತಕ್ಕೆ, ತನ್ನದೇ ಕೌಂಟರಿನಲ್ಲಿ ಕೂದಲು ಹಣ್ಣಾಗಿಸಿಕೊಂಡ ಹೆಂಗಸು ಒಂದು ದಿನ ಈ ಕಲ್ಲಿನಡಿ ಬಂದು ನಿಲ್ಲಬಹುದು ಎಂದು ಹೊಳೆದಿರಲೇ ಇಲ್ಲ. ಮುಚ್ಚುವವರಿಗೆ ಹೊಳೆಯುವುದಿಲ್ಲ.

“ಮಾತು ಮಾತೇ,” ಎಂದರು ಕೊನೆಗೆ. “ಕೋಣೆ ಇರಲಿ.”

“ಸಂಜೆ ಇನ್ನಷ್ಟು ಹೊತ್ತು ತೆಗೆದಿರಲಿ ಸಾರ್,” ಎಂದೆ ನಾನು, ಕಬ್ಬಿಣ ಕಾದಿದ್ದಾಗಲೇ. “ಪಾಳಿ ಮುಗಿಸಿ ಬರೋರಿಗೆ.”

“ಬೀಗದಕೈ ನಿಮ್ಮ ಹತ್ತಿರಾನೇ ಇದೆಯಲ್ಲಮ್ಮ,” ಎಂದು ಹೊರಟರು. ಈ ಸಲ ತಲೆ ತಗ್ಗಿಸುವುದು ಮರೆತು ಚೌಕಟ್ಟಿಗೆ ಹಣೆ ತಟ್ಟಿಕೊಂಡರು.

ಅತ್ತೆ ಎದ್ದಳು. ಬೆನ್ನಿರುವ ಕುರ್ಚಿಯನ್ನು ಅಣ್ಣನ ಕಡೆ ತಳ್ಳಿದಳು.

“ಕೂತ್ಕೋ.”

“ನನಗೆ ಸ್ಟೂಲೇ ಅಭ್ಯಾಸ.”

“ಪದ್ಧತಿ ಪದ್ಧತಿಯೇ. ಏಳು ಮೇಲೆ.”

ಅಪ್ಪ ಕುರ್ಚಿಯಲ್ಲಿ ಕೂತ. ಅತ್ತೆ ಕನ್ನಡಕ ಅವನ ಕೈಗಿತ್ತಳು, ಅವನಿಗೆ ಹೊಂದುತ್ತದೆಯೋ ಇಲ್ಲವೋ ಕೇಳದೆ. ಅವನು ಅದನ್ನು ಮೂಗಿಗೇರಿಸಿ, ಪುಟ ಹತ್ತಿರಕ್ಕೆ ಎಳೆದುಕೊಂಡು ಓದಿದ. ಕೆಟ್ಟದಾಗಿ ಓದಿದ. ಒಂದೊಂದು ಪದಕ್ಕೂ ನಿಂತು, ಭಾರ ನೋಡಿ, ಆಮೇಲೆ ಮುಂದಕ್ಕೆ. ಅಷ್ಟು ವರ್ಷ ಒಳಗೊಳಗೇ ಓದಿದ ಮನುಷ್ಯ ಜೋರಾಗಿ ಓದಿದ್ದು ಅವತ್ತೇ ಮೊದಲು. ದೋಣಿಯವನ ತಾಯಿ ಅವನ ಬಾಯಲ್ಲಿ ಥೇಟ್ ಮೇಸ್ತ್ರಿಯ ಹಾಗೆ ಮಾತಾಡಿದಳು. ಅತ್ತೆ ಗಲ್ಲಕ್ಕೆ ಕೈಯಾನಿಸಿ ಕೇಳುತ್ತಿದ್ದಳು. ಎಷ್ಟೋ ವರ್ಷಗಳಾಗಿದ್ದವು, ಅವಳಿಗೆ ಯಾರಾದರೂ ಓದಿ.

ಅವನು ಮೇಜು ತಟ್ಟಿದ. ಅವಳು ಬೆರಳಿನಿಂದ ಅಂಚು ಹುಡುಕಿ ತಿರುಗಿಸಿದಳು.

“ಎರಡು ಹೋಯ್ತು.”

“ಹೋಗ್ಲಿ ಬಿಡೋ. ಅಲ್ಲೇನಿದೆ ಅಂತ ನನಗೆ ಗೊತ್ತು, ನಿನಗೂ ಗೊತ್ತು.”

“ಗೊತ್ತಿದ್ರೂ ಓದ್ತೀನಿ,” ಎಂದ ಅಪ್ಪ. “ಹಿಂದಕ್ಕೆ ತಿರುಗಿಸು.”