ಮಾಳಮ್ಮನಿಗೆ ಉಳಿದ ಒಂದು ಮಾತು

ಚಿಂಚೋಳಿಯ ಶಾಲಾ ಮಾಸ್ತರ ನರಸಪ್ಪ ಬರೆದ ಕಥೆಯನ್ನು ವಾರಪತ್ರಿಕೆಯ ಸಂಪಾದಕರು ತಿದ್ದಿ ವಾಪಸು ಕಳಿಸಿದ್ದರು. ಒಂದೇ ವಾಕ್ಯವನ್ನು ಕೆಂಪು ಶಾಯಿಯಲ್ಲಿ ಹದಿಮೂರು ಕಡೆ ಹೊಡೆದುಹಾಕಿ, ಎರಡು ಕಡೆ ಮಾತ್ರ ಉಳಿಸಿದ್ದರು. ‘ಓದುಗರಿಗೆ ಬೇಸರವಾಗುತ್ತದೆ. ಒಪ್ಪಿದರೆ ಅಚ್ಚು ಹಾಕುತ್ತೇವೆ’ ಎಂದು ಚೀಟಿಯಲ್ಲಿತ್ತು.

ಆ ವಾಕ್ಯ ನರಸಪ್ಪನ ತಾಯಿ ಮಾಳಮ್ಮನದು. 1966ರಲ್ಲಿ ಲಕ್ವಾ ಹೊಡೆದು ಆಕೆಯ ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ‘ಉಂಡಿಯೇನ?’ ಎಂಬುದೊಂದೇ. ನೀರು ಬೇಕಾದರೂ ಅದೇ, ಬೆನ್ನು ನೋಯುತ್ತಿದ್ದರೂ ಅದೇ. ಎಮ್ಮೆ ಕರು ಹಾಕಿದ ದಿನ ನಗುತ್ತ ಹೇಳಿದ್ದೂ ಅದೇ. ಹಾಗೆ ಮೂರು ವರ್ಷ ಇದ್ದು ತೀರಿಕೊಂಡಳು. ಆಗ ನರಸಪ್ಪನ ನೌಕರಿ ಕುಂಚಾವರಂನಲ್ಲಿ; ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಮುದುಕಿಯನ್ನು ನೋಡಿಕೊಂಡವಳು ಹೆಂಡತಿ ಭೀಮಬಾಯಿ.

ಅಚ್ಚಿನಲ್ಲಿ ಹೆಸರು ನೋಡುವ ಆಸೆಗೆ ನರಸಪ್ಪ ಒಪ್ಪಿಕೊಂಡ. ಅಂಚೆಗೆ ಹಾಕುವ ಮುನ್ನ, ತೊಗರಿಬೇಳೆ ಹಸನು ಮಾಡುತ್ತಿದ್ದ ಭೀಮಬಾಯಿಗೆ ತಿದ್ದಿದ ಕಥೆಯನ್ನು ಓದಿ ಹೇಳಿದ.

ಅವಳು ಮೊರ ಕೆಳಗಿಟ್ಟಳು. “ಇದರಾಗ ಅತ್ತಿ ಇಲ್ಲಲ್ರಿ.”

“ಅವ್ವನ ಕಥೀನೇ ಅದ. ಒಂದೇ ಮಾತು ಎಷ್ಟ ಸಲ ಬರೀಲಿ? ಓದೋರಿಗೆ ಬ್ಯಾಸರಾಗ್ತದಂತ.”

“ಆಗ್ಲಿ ಬಿಡ್ರಿ. ನನಗ ಆಗಿರಲಿಲ್ಲೇನು?” ಸ್ವಲ್ಪ ಹೊತ್ತು ಬೇಳೆಯಲ್ಲಿ ಬೆರಳಾಡಿಸಿದಳು. “ನಿಮಗ ಒಂದು ಮಾತು ಹೇಳಿಲ್ಲ. ಒಂದಿನ ಜ್ವರ ಬಂದಿತ್ತು ನನಗ. ಮುಂಜಾನಿಂದ ಕೇಳೇ ಕೇಳಾಕತ್ತಿದ್ರು. ಸಾಕಾಗಿ, ‘ಬಾಯಿ ಮುಚ್ಚರಿ’ ಅಂತ ಒದರಿಬಿಟ್ಟೆ. ಆ ದಿನ ಪೂರಾ ಮಾತಾಡಲಿಲ್ಲ ಅವರು. ಮನಿ ಭಾಳ ದೊಡ್ಡದಾದಂಗಾತು. ಕೆಲಸ ಮಾಡ್ತಾ ಮಾಡ್ತಾ ಕಿವಿ ಅವರ ಕಡೀಗೇ ಇತ್ತು. ಮರುದಿನ ನಾನೇ ಹೋಗಿ, ‘ಉಂಡ್ರೇನ್ರಿ ಅತ್ತಿ?’ ಅಂತ ಕೇಳಿದೆ. ನನ್ನ ಕೈ ಹಿಡಕೊಂಡು ಅತ್ತರು.”

ವಾರಕ್ಕೆರಡು ದಿನ ಮಾತ್ರ ಆ ಮಾತು ಕೇಳಿದ್ದ ತನಗೆ ಅದು ಎಂದೂ ಹೆಚ್ಚಾಗಿರಲಿಲ್ಲ ಎಂದು ಹೊಳೆದು ನರಸಪ್ಪನಿಗೆ ನಾಚಿಕೆಯಾಯಿತು.

“ಬರೀಲೇನು ಇದನ್ನ?” ಎಂದ.

“ಬರೀರಿ. ನಾ ಒದರಿದ್ದೂ ಬರೀರಿ. ಖರೆ, ಅದಕ್ಕ ಮದ್ಲು ಅವರು ಕೇಳಿದ್ದೆಲ್ಲಾ ಇರಬೇಕು. ಇಲ್ಲಂದ್ರ ಸುಮ್ಮನಾದದ್ದು ಯಾರಿಗೆ ತಿಳೀತದ?”

ಅವನು ಹೊಡೆದುಹಾಕಿದ್ದನ್ನೆಲ್ಲ ಮತ್ತೆ ಬರೆದ. ಆ ಮೌನದ ದಿನಕ್ಕೆ ಒಂದು ಇಡೀ ಪುಟ ಕೊಟ್ಟ. ಅದರಲ್ಲಿ ಆ ಮಾತು ಒಮ್ಮೆಯೂ ಬರಲಿಲ್ಲ. ಅಚ್ಚಾಗದಿದ್ದರೂ ಸರಿ ಎಂದು ಕಳಿಸಿಬಿಟ್ಟ.

ತಿಂಗಳ ನಂತರ ಉತ್ತರ ಬಂತು. ‘ಹತ್ತನೆಯ ಸಲಕ್ಕೆ ನನಗೂ ಸಾಕೆನಿಸಿತ್ತು. ಆಮೇಲೆ ಒಂದು ಪುಟ ಪೂರ್ತಿ ಅದು ಸಿಗಲಿಲ್ಲ. ಹಿಂದಕ್ಕೆ ತಿರುವಿ ಹುಡುಕಿದೆ. ಈಗ ಒಂದನ್ನೂ ತೆಗೆಯುವುದಿಲ್ಲ.’

ಪತ್ರಿಕೆ ಮನೆಗೆ ಬಂದ ದಿನ ಭೀಮಬಾಯಿ ತಾನೇ ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದಳು. ಅತ್ತೆ ಸುಮ್ಮನಾದ ಪುಟಕ್ಕೆ ಬಂದಾಗ ಅವಳ ದನಿ ನಿಂತುಹೋಯಿತು. ನರಸಪ್ಪ ಪಕ್ಕಕ್ಕೆ ಬಂದು ಕುಳಿತು, ಅವಳ ಬೆರಳಿದ್ದ ಸಾಲಿನಿಂದ ಮುಂದಕ್ಕೆ ಓದಿದ.