ಫ್ಯಾಮಿಲಿ ರೂಮಿನ ಬಾಗಿಲ ಮೇಲೊಂದು ಹೆಸರು

ಬೆಳಗಿನಿಂದ ಪ್ರಫುಲ್ಲಕ್ಕನಿಗೆ ಗಲ್ಲಾದಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು. ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರದ ಆ ಉಡುಪಿ ಹೋಟೆಲಿನ ಯಜಮಾನಿ ಹೀಗೆ ಚಡಪಡಿಸುವುದನ್ನು ವೇಟರುಗಳು ಕಂಡಿರಲಿಲ್ಲ. ಏನೆಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಕಾರಣ ಗಿರಾಕಿಗಳು ಕೂರುವ ಹಾಲ್‌ನ ಕೊನೆಯಲ್ಲಿತ್ತು. ಅಲ್ಲಿದ್ದ ಹಳೆಯ ಫ್ಯಾಮಿಲಿ ರೂಮಿಗೆ ಮಗ ಸಂದೀಪ ಎಸಿ, ಸೋಫಾ ಎಲ್ಲ ಹಾಕಿಸಿದ್ದ. ದಾದರಿನ ಹೂವಿನ ಮಾರ್ಕೆಟ್ಟಿನಿಂದ ತರಿಸಿದ ಚೆಂಡುಹೂವಿನ ಮಾಲೆಗಳನ್ನು ಬಾಗಿಲಿಗೆ ಇಳಿಬಿಟ್ಟಿದ್ದ. ಬಾಗಿಲ ಮೇಲೆ ಹಿತ್ತಾಳೆಯ ಬೋರ್ಡು, ಅಂದಿನ ಉದ್ಘಾಟನೆಗೆಂದು ಅದರ ಮೇಲೊಂದು ರೇಷ್ಮೆ ಬಟ್ಟೆ. ಬಟ್ಟೆಯ ಹಿಂದೆ ‘ನ್ಯಾಯಮೂರ್ತಿ ಹೇಮಲತಾ ಬಾರ್ಕೂರ್ ಹಾಲ್’ ಎಂದು ಬರೆದದ್ದು ಎಲ್ಲರಿಗೂ ಗೊತ್ತಿತ್ತು.

ಹೇಮಲತಾ ಬಾರ್ಕೂರ್ ಎಂದರೆ ಸಾಮಾನ್ಯರಲ್ಲ. ಗಂಡಸರೇ ಕೂತು ಸವೆಸಿದ್ದ ಪೀಠದಲ್ಲಿ ಕೂತ ಮೊದಲ ಹೆಂಗಸು. ನಿವೃತ್ತಿಯಾದ ಮೇಲೆ ಅವರ ಹೆಸರು ಒಂದು ಕಾಲೇಜಿನ ಲೈಬ್ರರಿಗೆ ಬಂತು, ಹುಡುಗಿಯರ ವಿದ್ಯಾರ್ಥಿವೇತನಕ್ಕೆ ಬಂತು, ಕನ್ನಡ ಸಂಘದ ಚರ್ಚಾಸ್ಪರ್ಧೆಯ ಕಪ್ಪಿಗೂ ಬಂತು. ಅದೆಲ್ಲ ಪ್ರಫುಲ್ಲಕ್ಕನಿಗೆ ಸಂತೋಷವೇ. ಆದರೆ ಈ ಕೋಣೆಗೆ ಆ ಹೆಸರೇ? ಊರಲ್ಲಿ ಬೇರೆ ಗೋಡೆ ಇರಲಿಲ್ಲವೇ?

ಆಗೆಲ್ಲ ಹೋಟೆಲಿನಲ್ಲಿ ಅದೊಂದು ಕ್ರಮ. ಗಂಡಸರು ಹಾಲಿನಲ್ಲಿ, ಹೆಂಗಸರು ಅರ್ಧಬಾಗಿಲಿನ ಹಿಂದೆ ಫ್ಯಾಮಿಲಿ ರೂಮಿನಲ್ಲಿ. ಅದಕ್ಕೆ ಮರ್ಯಾದೆ ಎಂದು ಹೆಸರು. ಆ ಮರ್ಯಾದೆಯ ಕೋಣೆಯಲ್ಲಿ ಫ್ಯಾನ್ ಸರಿಯಾಗಿ ತಿರುಗುತ್ತಿರಲಿಲ್ಲ, ಕಿಟಕಿ ಮೋರಿಯ ಕಡೆಗೆ ತೆರೆಯುತ್ತಿತ್ತು. ಪ್ರಫುಲ್ಲಕ್ಕ ಮದುವೆಯಾಗಿ ಬಂದ ಹೊಸತು. ಒಂದು ಸಂಜೆ ಒಬ್ಬ ಪ್ರಾಯದ ವಕೀಲೆ ಕರಿ ಕೋಟನ್ನು ತೋಳಿಗೆ ಹಾಕಿಕೊಂಡು ಬಂದು ಹಾಲಿನ ಕಂಬದ ಪಕ್ಕದ ಟೇಬಲಿನಲ್ಲಿ ಕೂತಳು. ಗಲ್ಲಾದಲ್ಲಿದ್ದ ಮಾವ ಕಾಂತಪ್ಪ ಶೆಟ್ಟರು, ಫ್ಯಾಮಿಲಿ ರೂಮಿಗೆ ಹೋಗಬೇಕಂತೆ ಎಂದು ವೇಟರನ ಕೈಲಿ ಹೇಳಿಸಿದರು.

“ನಾನು ಒಬ್ಬಳೇ ಬಂದದ್ದು. ಫ್ಯಾಮಿಲಿ ಎಲ್ಲುಂಟು? ಇಡ್ಲಿ ಇಲ್ಲಿಗೇ ತನ್ನಿ,” ಎಂದಳು ಆಕೆ.

ಇಡ್ಲಿ ಬರಲಿಲ್ಲ. ಆಕೆ ಕಾಗದಪತ್ರ ಬಿಚ್ಚಿ ಓದುತ್ತ ಕೂತು, ಕತ್ತಲಾದ ಮೇಲೆ ಎದ್ದು ಹೋದಳು. ಮರುದಿನ ಮತ್ತೆ ಬಂದಳು, ಅದರ ಮರುದಿನವೂ. ಹಿಟ್ಟು ಮೆತ್ತಿದ ಕೈಯಲ್ಲೇ ಅಡುಗೆಮನೆಯ ಕಿಂಡಿಯಿಂದ ಪ್ರಫುಲ್ಲಕ್ಕ ನೋಡುತ್ತಿದ್ದರು, ದೇವರೇ ಈಕೆ ಸೋಲದಿರಲಿ ಎಂದು ಬೇಡಿಕೊಳ್ಳುತ್ತ. ಕೊನೆಗೊಂದು ಸಂಜೆ ಮಾವನೇ ಗಲ್ಲಾದಿಂದ ಇಳಿದು, ಇಡ್ಲಿಯ ಪ್ಲೇಟನ್ನು ಆಕೆಯ ಮುಂದೆ ಕುಕ್ಕಿ ಬಂದರು. ಆಮೇಲೆ ಬೇರೆ ಹೆಂಗಸರೂ ಹಾಲಿನಲ್ಲಿ ಕೂರತೊಡಗಿದರು. ಮುಂದೆ ಗಂಡ ತೀರಿಹೋದಾಗ ಪ್ರಫುಲ್ಲಕ್ಕ ಗಲ್ಲಾ ಹತ್ತಿದರೆ ಯಾರೂ ಚಕಾರ ಎತ್ತಲಿಲ್ಲ. ಆ ಟೇಬಲು ಇಲ್ಲದಿದ್ದರೆ ಈ ಗಲ್ಲಾ ತನಗೆಲ್ಲಿತ್ತು ಎಂದು ಅವರು ಎಷ್ಟೋ ಸಲ ಅಂದುಕೊಂಡದ್ದುಂಟು.

ಆದರೆ ವಕೀಲೆ ಜಡ್ಜ್ ಆದಾಗ ಮಾವನ ಕತೆಯೂ ಬಡ್ತಿ ಪಡೆಯಿತು. “ನಮ್ಮ ಫ್ಯಾಮಿಲಿ ರೂಮಿನಲ್ಲೇ ಕೂತು ಓದಿದ್ದು ಅವಳು. ಎಷ್ಟು ಮರ್ಯಾದೆಯಿಂದ ನೋಡಿಕೊಂಡಿದ್ದೇವೆ!” ಎಂದು ಸಾಯುವವರೆಗೆ ಹೇಳಿದರು. ಸಂದೀಪ ಅಜ್ಜನ ತೊಡೆಯ ಮೇಲೆ ಕೂತು ಕೇಳಿದ್ದು ಅದನ್ನೇ. ನಿಜ ಹೀಗಲ್ಲ ಎಂದು ತಾಯಿ ಹೋದ ವಾರ ಹೇಳಿದಾಗ ಅವನು ತಲೆ ಕೆರೆದುಕೊಂಡಿದ್ದ.

“ಅಮ್ಮ, ಕಾರ್ಡ್ ಛಾಪಾಗಿ ಆಯ್ತು, ಸಂಘದವರಿಗೆಲ್ಲ ಹೋಯ್ತು. ಈಗ ಅಜ್ಜ ಸುಳ್ಳು ಹೇಳಿದ್ದು ಅನ್ಲಿಕ್ಕೆ ಆಗ್ತದಾ? ಟೆನ್ಶನ್ ಮಾಡ್ಬೇಡ. ಮೇಡಮ್ಮೇ ಬಂದು ಬೇಡ ಅಂದ್ರೆ ತೆಗೆಯುವ, ಬಸ್, ಅಷ್ಟೇ.”

ಆ ಒಂದು ಮಾತಿಗೆ ಪ್ರಫುಲ್ಲಕ್ಕ ಜೋತುಬಿದ್ದಿದ್ದರು. ಆಕೆ ಬರಲಿ. ಬೋರ್ಡು ನೋಡಿ ಒಂದು ಮಾತು ಆಡಿದರೆ ಸಾಕು. ಅಂದು ಅಷ್ಟು ಹಟ ಮಾಡಿದವರು ಇಂದು ಬಿಟ್ಟಾರೆಯೇ?

ಕಾರು ಬಂತು. ಸೋದರ ಸೊಸೆಯ ಕೈ ಹಿಡಿದು ಇಳಿದವರು ಪುಟ್ಟ ದೇಹದ ಒಬ್ಬ ಮುದುಕಿ. ಸಂದೀಪ ಮುಂದೆ ಓಡಿದ. “ಬನ್ನಿ ಮೇಡಂ, ಒಳಗೆ ಎಸಿ ಉಂಟು.” ಸಂಘದ ಅಧ್ಯಕ್ಷರು ರೇಷ್ಮೆ ಎಳೆದರು, ಚಪ್ಪಾಳೆ ಬಿತ್ತು. ಮುದುಕಿ ತನ್ನ ಹೆಸರನ್ನು ನಿಧಾನವಾಗಿ ಓದಿದರು. ಪ್ರಫುಲ್ಲಕ್ಕ ಒಂದು ಹೆಜ್ಜೆ ಮುಂದೆ ಬಂದರು.

“ಚಂದ ಉಂಟು,” ಎಂದು ಹೇಳಿ ಅವರು ಒಳಗೆ ಹೋಗಿಬಿಟ್ಟರು.

ಜೊತೆಗೆ ಬಂದ ಸೋದರ ಸೊಸೆ ಪ್ರಫುಲ್ಲಕ್ಕನ ಕಿವಿಯಲ್ಲಿ ಪಿಸುಗುಟ್ಟಿದಳು, “ಅತ್ತೆಗೆ ಈಗೀಗ ನೆನಪು ನಿಲ್ಲುವುದಿಲ್ಲ ಆಂಟಿ. ಕೂರಿಸಿದಲ್ಲಿ ಕೂರ್ತಾರೆ, ಪಾಪ.”

ಪ್ರಫುಲ್ಲಕ್ಕನಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಒಳಗೆ ಆ ಜೀವ ಎರಡೂ ಕೈ ಮಡಿಲಲ್ಲಿಟ್ಟು ಸೋಫಾದ ಅಂಚಿನಲ್ಲಿ ಕೂತಿತ್ತು. ಕಾಂತಪ್ಪ ಶೆಟ್ಟರು ಸ್ತ್ರೀಯರಿಗೆ ಕೊಟ್ಟ ಗೌರವದ ಬಗ್ಗೆ ಅಧ್ಯಕ್ಷರ ಭಾಷಣ ನಡೆದಿತ್ತು. ಅಂದು ಗೆದ್ದದ್ದನ್ನು ಇಂದು ಹೂಮಾಲೆ ಹಾಕಿ ಕಸಿದುಕೊಳ್ಳುತ್ತಿದ್ದಾರೆ, ಕಸಿದುಕೊಂಡದ್ದು ಆಕೆಗೆ ಗೊತ್ತೂ ಆಗುತ್ತಿಲ್ಲ. ಗೊತ್ತಿರುವವಳು ತಾನೊಬ್ಬಳೇ.

ಪ್ರಫುಲ್ಲಕ್ಕ ಅರ್ಧ ತೆರೆದಿದ್ದ ಬಾಗಿಲು ತಳ್ಳಿ ಒಳಗೆ ಹೋದರು. ಭಾಷಣ ನಿಂತಿತು.

“ಏಳಿ ಅಮ್ಮ. ನಿಮ್ಮ ಜಾಗ ಇದಲ್ಲ.”

ಮುದುಕಿ ಕೂರಿಸಿದಾಗ ಕೂತಷ್ಟೇ ಸುಲಭವಾಗಿ ಎದ್ದರು. ಸಂದೀಪ ಕೈಯಲ್ಲಿ ಇಡ್ಲಿಯ ಪ್ಲೇಟು ಹಿಡಿದು ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿದ್ದ. “ಅಮ್ಮ, ಎಲ್ಲ ನೋಡ್ತಿದ್ದಾರೆ,” ಎಂದ ಹಲ್ಲು ಕಚ್ಚಿ.

“ನೋಡ್ಲಿ. ಆಗಲೂ ನೋಡಿದ್ದರು.”

ಕಂಬದ ಪಕ್ಕದ ಟೇಬಲು ಖಾಲಿಯಿತ್ತು. ಮುದುಕಿ ಕೂತು ಟೇಬಲಿನ ತಣ್ಣನೆಯ ಕಲ್ಲಿನ ಮೇಲೆ ಅಂಗೈ ಆಡಿಸಿದರು. ಕಂಬ ನೋಡಿದರು, ಗಲ್ಲಾದ ಕಡೆ ನೋಡಿದರು. ಆಮೇಲೆ ಪ್ರಫುಲ್ಲಕ್ಕನ ಸೆರಗು ಹಿಡಿದೆಳೆದು ಗುಟ್ಟಿನಲ್ಲಿ ಹೇಳಿದರು.

“ಇಲ್ಲಿ ಕೂತರೆ ಅವರು ಕೊಡುವುದಿಲ್ಲ. ಆ ರೂಮಿಗೆ ಹೋಗು ಅಂತಾರೆ. ನಾನು ಹೋಗುವುದಿಲ್ಲ.”

ಸಂದೀಪನಿಗೂ ಅದು ಕೇಳಿಸಿತು.

“ನೀನೂ ಕೂತುಕೋ ಮಗಾ,” ಎಂದರು ಮುದುಕಿ, ಪ್ರಫುಲ್ಲಕ್ಕನ ಸೆರಗು ಬಿಡದೆ. “ಇಬ್ಬರಿದ್ದರೆ ಏನು ಮಾಡ್ತಾರೆ ನೋಡುವ.”

ಗಲ್ಲಾದಲ್ಲಿ ಅಷ್ಟು ವರ್ಷ ಕೂತ ಪ್ರಫುಲ್ಲಕ್ಕ ತಿಂಡಿ ತಿನ್ನುವುದು ಇಂದಿಗೂ ಅಡುಗೆಮನೆಯ ಮೂಲೆಯಲ್ಲಿ. ಹಾಲಿನ ಟೇಬಲಿನಲ್ಲಿ ಒಂದು ದಿನವೂ ಕೂತವರಲ್ಲ. ಯಾರೂ ಬೇಡವೆಂದಿರಲಿಲ್ಲ, ಕೂತುಕೋ ಎಂದೂ ಯಾರೂ ಹೇಳಿರಲಿಲ್ಲ. ಅವರು ಕುರ್ಚಿ ಎಳೆದು ಕೂತರು. ಬೆಳಗಿನಿಂದ ಮೊದಲ ಸಲ ಕಾಲು ನೆಲಕ್ಕೆ ತಾಗಿದಂತಾಯಿತು.

“ಸಂದೀಪ, ಇಲ್ಲಿಗೇ ತಾ. ಎರಡು ಪ್ಲೇಟ್.”

ಸಂದೀಪ ತಂದಿಟ್ಟ. ಅಜ್ಜನ ಹಾಗೆ ಕುಕ್ಕಲಿಲ್ಲ. ಮುದುಕಿ ಇಡ್ಲಿ ಮುರಿಯುವುದನ್ನು ನೋಡುತ್ತ ನಿಂತ. ಆಮೇಲೆ ಬಾಗಿಲ ಮೇಲಿನ ಬೋರ್ಡಿನ ಕಡೆ ತಿರುಗಿ, ಸ್ಕ್ರೂಡ್ರೈವರ್ ಯಾರ ಹತ್ತಿರ ಉಂಟು ಎಂದು ವೇಟರುಗಳನ್ನು ಕೇಳಿದ.