ಬಿರುಕು ಓಡಿದ ದಿಕ್ಕು

ಭಾವಿಕೇರಿಯ ನಮ್ಮ ಕೇರಿಗೆ ಬೇಸಿಗೆಯಲ್ಲೂ ಬತ್ತದ ಸಿಹಿನೀರಿನ ಬಾವಿ ಒಂದೇ, ಅದು ನನ್ನ ಹಿತ್ತಿಲಲ್ಲಿದೆ. ಅದರ ಪಡುವಣಕ್ಕೆ ಉಪ್ಪುನೀರು ನುಗ್ಗುವ ಗಜನಿ ಗದ್ದೆ. ಮೂಡಣಕ್ಕೆ ನನ್ನ ಮೈದುನ ಉದಯ ಕೊರೆಸಿದ ಬೋರು. ಅದರಲ್ಲಿ ಬಂದದ್ದು ಬರೀ ಧೂಳು. ಈಗ ಅದರೊಳಗೆ ಜೋರಾಗಿ ನೀರು ಒತ್ತಿ ಕಲ್ಲು ಸೀಳಿಸುತ್ತೇನೆಂದು ಅವನು ಹೊರಟಾಗ ನನಗೆ ಮೈಯೆಲ್ಲ ಉರಿಯಿತು. ಬಿರುಕು ಗಜನಿಯ ಕಡೆ ಓಡಿದರೆ ನನ್ನ ಬಾವಿಯೂ ಉಪ್ಪಾಗುತ್ತದೆ. ಇದ್ದದ್ದು ಹೋಯಿತು ಮದ್ದಿನ ಗುಣ ಅನ್ನುತ್ತಾರಲ್ಲ, ಹಾಗೆ.

ಯಂತ್ರದ ಜೊತೆ ಕಾರವಾರದಿಂದ ಭೂವಿಜ್ಞಾನಿ ಪ್ರಣಿತಾ ಬಂದರು. ಬೋರಿನೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಆಮೇಲೆ ನಾನು ರೊಟ್ಟಿ ತಟ್ಟುತ್ತಿದ್ದಲ್ಲಿಗೇ ಬಂದು, ಗಟ್ಟಿ ಹಿಟ್ಟಿನ ಉಂಡೆಯೊಂದನ್ನು ಎರಡು ಅಂಗೈ ನಡುವೆ ಒತ್ತಿದರು. ಬಿರುಕು ಒಂದು ಅಂಗೈಯಿಂದ ಇನ್ನೊಂದಕ್ಕೆ ನೆಟ್ಟಗೆ ಹೋಗಿತ್ತು.

"ನೆಲದಡಿ ಕಲ್ಲಿಗೂ ಹೀಂಗೇ ಒತ್ತಡ ಇರ್ತದೆ ಅಕ್ಕಾ. ಇಲ್ಲಿ ತೆಂಕು-ಬಡಗು ಜೋರು, ಬಿರುಕು ಅದೇ ಸಾಲಲ್ಲಿ ಓಡ್ತದೆ. ಪಡುಬದಿ ಗಜನಿಗೆ ಹೋಗೂದಿಲ್ಲ."

"ಕಲ್ಲು ನಿಮ್ಮ ಮಾತು ಕೇಳ್ತದ್ಯಾ ಅಕ್ಕೋರೇ?" ಎಂದೆ. ಅವರು ನಕ್ಕರು.

ಪಂಪು ಗುಡುಗಿತು. ಒತ್ತಡ ತೋರಿಸುವ ಮೀಟರಿನ ಮುಳ್ಳು ಏರುತ್ತಾ ಹೋಗಿ ತಟ್ಟನೆ ಇಳಿಯಿತು. ಕಲ್ಲು ಒಡೆಯಿತು ಎಂದರು ಪ್ರಣಿತಾ. ಬೋರಿನಿಂದ ನೀರೆತ್ತತೊಡಗಿದಾಗ ನಾನೇ ಮೊದಲು ಬೊಗಸೆಯೊಡ್ಡಿ ಬಾಯಿಗೆ ಹಾಕಿಕೊಂಡೆ. ಉಪ್ಪು!

ಇನ್ನು ಬೇಸಿಗೆಗೆ ಇಡೀ ಕೇರಿ ಕೊಡ ಹಿಡಿದು ಎಲ್ಲಿಗೆ ಹೋಗಬೇಕು? ಉದಯನ ವಂಶವನ್ನೆಲ್ಲ ಬೈದೆ. ಅದು ನನ್ನ ಗಂಡನ ವಂಶವೂ ಹೌದೆನ್ನುವುದು ಆಗ ನೆನಪಾಗಲಿಲ್ಲ.

ಪ್ರಣಿತಾ ತಾವೂ ರುಚಿ ನೋಡಿದರು. ಮುಖ ಬಿಳಿಚಿತು. ಆಮೇಲೆ ಉದಯನ ಕಡೆ ತಿರುಗಿದರು. "ಒತ್ತೂಕೆ ಟ್ಯಾಂಕಿಗೆ ನೀರು ಎಲ್ಲಿಂದ ತುಂಬಿದ್ರಿ?"

ಉದಯ ತಲೆ ಕೆರೆದುಕೊಂಡ. "ಗಜನಿ ಹಳ್ಳದಿಂದ. ಬಾವಿ ನೀರು ಮುಟ್ಟಿದ್ರೆ ಅತ್ಗೆ ಕೊಲ್ತಿತ್ತು."

"ಅಯ್ಯೋ ಮಾರಾಯಾ! ನಾವು ಒತ್ತಿದ್ದೇ ವಾಪಸ್ ಬರ್ತಾ ಅದೆ. ಪಂಪು ನಿಲ್ಸಬೇಡಿ!"

ಮಧ್ಯಾಹ್ನದವರೆಗೂ ನೀರು ಹರಿಯಿತು. ಉಪ್ಪು ಕಡಿಮೆಯಾಗುತ್ತಾ ಬಂದು, ಕೊನೆಗೆ ತಣ್ಣನೆಯ ಸಿಹಿನೀರು. ಆದರೂ ಜೀವ ತಡೆಯದೆ ಓಡಿಹೋಗಿ ನನ್ನ ಬಾವಿಯಿಂದ ಒಂದು ಕೊಡ ಸೇದಿ ಕುಡಿದೆ. ಹಳೆಯ ರುಚಿಯೇ. ಬಾವಿಕಟ್ಟೆಯ ಮೇಲೆ ಕುಳಿತು, ಯಾರು ನೋಡಿದರೂ ನೋಡಲಿ ಎಂದು ಅತ್ತುಬಿಟ್ಟೆ.

ಉದಯ ಹೆದರುತ್ತಲೇ ಹತ್ತಿರ ಬಂದ. "ಅತ್ಗೇ, ಇನ್ನೂ ಬೈಯೂದು ಬಾಕಿ ಅದ್ಯಾ?"

"ಅದೆ. ಮೊದ್ಲು ಉಣ್ಣು, ಆಮೇಲೆ ಬೈತೆ" ಎಂದೆ. ಊಟಕ್ಕೆ ಕೂತಾಗ ದೊಡ್ಡ ಬಂಗಡೆ ಮೀನನ್ನು ಅವನ ತಟ್ಟೆಗೇ ಹಾಕಿದೆ.